ಎಂಟು ಗುಂಡಿನ ಕಸ್ಟಮ್ ಶಾಪ್ ರಿವಾಲ್ವರ್: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿ ಯಾವ ರಿವಾಲ್ವರ್‌ಗಳ ಮಾತು?

ಮುಖ್ಯವಾಗಿ ಎಂಟು ಚೇಂಬರ್ (ತೋಟೆ ಕೂರುವ ಗೂಡು) ಇರುವ, ಕಂಪನಿಯ ವಿಶೇಷ ವಿಭಾಗದಿಂದ ಹೊರಬರುವ ಡಬಲ್ ಆ್ಯಕ್ಷನ್ (ಟ್ರಿಗರ್ ಎಳೆದರೆ ಹ್ಯಾಮರ್ ತಾನೇ ಎದ್ದು ಬೀಳುವ) ರಿವಾಲ್ವರ್‌ಗಳು. ಸ್ಮಿತ್ ಅಂಡ್ ವೆಸನ್ 627, ಅದರ ಹಗುರ ಫ್ರೇಮಿನ ತಮ್ಮ 327, 9 ಎಂಎಂ ತೋಟೆಯ 929, ರೂಗರ್ ಕಸ್ಟಮ್ ಶಾಪ್‌ನ ಸೂಪರ್ ಜಿಪಿ100, ಇಂಥವು. ಏಳು ಗುಂಡಿನ 686 ಪ್ಲಸ್ ಇಟ್ಟುಕೊಂಡವರಿಗೂ ಇಲ್ಲಿನ ಬಹುಪಾಲು ಉತ್ತರ ಸಲ್ಲುತ್ತದೆ. ಲೈಸೆನ್ಸ್, ಕ್ಯಾಲಿಬರ್, ಗುಂಡಿನ ಸಂಖ್ಯೆಯ ಮಿತಿ ದೇಶದಿಂದ ದೇಶಕ್ಕೆ ಬೇರೆ. ಕೊಳ್ಳುವ ಮೊದಲೇ ನಿಮ್ಮಲ್ಲಿನ ಕಾನೂನು ಓದಿ, ಆಮೇಲೆ ಮುಂದಿನ ಮಾತು.

ಕಸ್ಟಮ್ ಶಾಪ್ ಅಂದರೆ ನನಗಾಗಿಯೇ ಮಾಡಿಕೊಡುತ್ತಾರಾ?

ಇಲ್ಲ. ಸ್ಮಿತ್ ಅಂಡ್ ವೆಸನ್‌ನ ಪರ್ಫಾರ್ಮೆನ್ಸ್ ಸೆಂಟರ್ 1990ರಲ್ಲಿ ಶುರುವಾಯಿತು. ಇಂಥ ವಿಭಾಗದಿಂದ ಬರುವ ಬಂದೂಕು ಕೂಡ ಒಂದೇ ವಿನ್ಯಾಸದಲ್ಲಿ ಸಾಲಾಗಿ ತಯಾರಾಗುವುದೇ. ಬ್ಯಾರೆಲ್ ಆಕಾರ, ಸೈಟ್, ಟ್ರಿಗರ್ ಕೆಲಸ, ಚೇಂಬರ್ ಬಾಯಿಯ ಅಂಚು ಇಳಿಸಿರುವುದು, ಮೂನ್ ಕ್ಲಿಪ್‌ಗೆ (ಎಲ್ಲ ತೋಟೆಯನ್ನೂ ಒಟ್ಟಿಗೆ ಹಿಡಿಯುವ ತೆಳು ತಗಡು) ತಕ್ಕಂತೆ ಸಿಲಿಂಡರ್ (ಚೇಂಬರ್‌ಗಳಿರುವ ತಿರುಗುವ ಭಾಗ) ಕತ್ತರಿಸಿರುವುದು, ಇವೆಲ್ಲ ಸಾಮಾನ್ಯ ಮಾಡೆಲ್‌ಗಿಂತ ಮೇಲಿರುತ್ತವೆ. ಆದರೆ ಹೆಸರು ನೋಡಿ ಕಣ್ಣು ಮುಚ್ಚಿ ನಂಬಬೇಡಿ. ಅಲ್ಲಿಂದ ಬಂದದ್ದನ್ನೂ ಕೈಗೆ ಬಂದ ದಿನವೇ ಪರೀಕ್ಷೆ ಮಾಡಿ, ಹೇಗೆ ಅಂತ ಕೆಳಗಿದೆ. ನಿಮ್ಮ ಕೈಗೆ, ನಿಮ್ಮ ತೋಟೆಗೆ ತಕ್ಕಂತೆ ಹೊಂದಿಸುವುದು ಬೇಕಾದರೆ ಅದು ಒಬ್ಬ ಒಳ್ಳೆಯ ಗನ್‌ಸ್ಮಿತ್‌ನ ಕೆಲಸ.

ಆರರ ಜಾಗದಲ್ಲಿ ಎಂಟು ಕೂರಿಸಿದರೆ ಗೋಡೆ ತೆಳು ಆಗಲ್ವಾ?

ಆಗುತ್ತದೆ, ಆದರೆ ಅದಕ್ಕೆ ಜಾಗ ಮೊದಲೇ ಇತ್ತು. 627 ಕೂತಿರುವ ಎನ್ ಫ್ರೇಮ್ 1908ರಲ್ಲಿ .44 ಕ್ಯಾಲಿಬರ್‌ಗಾಗಿ ಬಂದ ದೊಡ್ಡ ಫ್ರೇಮ್. 1935ರಲ್ಲಿ .357 ಮ್ಯಾಗ್ನಮ್ ಬಂದಾಗ ಅದನ್ನೂ ಇದೇ ಫ್ರೇಮ್‌ನಲ್ಲಿ ಆರು ಚೇಂಬರ್ ಇಟ್ಟು ಮಾಡಿದರು. ಹಾಗಾಗಿ ಒಂದೊಂದು ಚೇಂಬರ್ ಸುತ್ತ ಉಕ್ಕು ಧಾರಾಳವಾಗಿ ಉಳಿದಿತ್ತು. ಎಂಟು ಚೇಂಬರ್ ಆ ಉಳಿಕೆಯನ್ನು ಬಳಸಿಕೊಂಡಿದೆ.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿ ಇದೆ. ಸಿಲಿಂಡರ್‌ನ ಹೊರಮೈಯಲ್ಲಿ ಅದನ್ನು ತಡೆದು ನಿಲ್ಲಿಸುವ ಸ್ಟಾಪ್ ಕೂರುವ ಸಣ್ಣ ಗುಳಿಗಳಿರುತ್ತವಲ್ಲ, ಬೆಸ ಸಂಖ್ಯೆಯ ಚೇಂಬರ್ ಇದ್ದರೆ (ಐದು, ಏಳು) ಆ ಗುಳಿ ಎರಡು ಚೇಂಬರ್‌ಗಳ ನಡುವಿನ ದಪ್ಪ ಜಾಗದಲ್ಲಿ ಬೀಳುತ್ತದೆ. ಆರು, ಎಂಟು ಅಂತ ಸಮಸಂಖ್ಯೆ ಇದ್ದರೆ ಅದು ಚೇಂಬರ್‌ನ ಬೆನ್ನ ಮೇಲೆಯೇ ಅಥವಾ ಅದರ ಪಕ್ಕಕ್ಕೆ ಬೀಳುತ್ತದೆ. ಅಂದರೆ ಎಂಟು ಗುಂಡಿನ ಸಿಲಿಂಡರ್‌ನಲ್ಲಿ ಅತಿ ತೆಳು ಜಾಗ ಅಲ್ಲೇ. ಕಂಪನಿ ಅದನ್ನು ಲೆಕ್ಕ ಹಾಕಿಯೇ ಮಾಡಿರುತ್ತದೆ, .357 ಮ್ಯಾಗ್ನಮ್‌ನ 35,000 ಪಿಎಸ್‌ಐ ಒತ್ತಡಕ್ಕೆ ಅದು ಸಾಕು. ಅದನ್ನು ಮೀರಿ ಮನೆಯಲ್ಲಿ ಮದ್ದು ಜಾಸ್ತಿ ತುಂಬಿ "ನೋಡೋಣ" ಅನ್ನುವವರಿಗೆ ಮಾತ್ರ ಈ ಸಿಲಿಂಡರ್‌ನಲ್ಲಿ ಜಾಗ ಇಲ್ಲ.

ಹೆಚ್ಚು ಗುಂಡಿನ ರಿವಾಲ್ವರ್ ಹೊಸ ಹುಚ್ಚೂ ಅಲ್ಲ. 1856ರಲ್ಲಿ ಪೇಟೆಂಟ್ ಪಡೆದ ಲೆಮ್ಯಾಟ್‌ಗೆ ಒಂಬತ್ತು ಚೇಂಬರ್ ಇತ್ತು, 1895ರ ನಗಾಂಗೆ ಏಳು.

ಎರಡು ಗುಂಡು ಜಾಸ್ತಿ ಆದರೆ ನಿಜಕ್ಕೂ ಏನು ಲಾಭ?

ಸುಮ್ನೆ ರೇಂಜ್‌ನಲ್ಲಿ ಕಾಗದಕ್ಕೆ ಹೊಡೆಯುವವರಿಗೆ ಹೆಚ್ಚೇನಿಲ್ಲ. ಸ್ಪರ್ಧೆಯಲ್ಲಿ ಮಾತ್ರ ಆಟವೇ ಬದಲಾಗುತ್ತದೆ. ಅಮೆರಿಕದ ಯುಎಸ್‌ಪಿಎಸ್‌ಎ ಸ್ಪರ್ಧೆಗಳಲ್ಲಿ ಒಂದು ಜಾಗದಿಂದ ಎಂಟಕ್ಕಿಂತ ಹೆಚ್ಚು ಹೊಡೆತ ಬೇಕಾಗುವಂತೆ ಸ್ಟೇಜ್ (ಒಂದು ಸುತ್ತಿನ ಗುರಿಗಳ ಜೋಡಣೆ) ಕಟ್ಟಬಾರದು ಅನ್ನುವ ನಿಯಮ ಬಹಳ ಕಾಲದಿಂದ ಇದೆ. ಆರು ಗುಂಡಿನವನು ಅಲ್ಲಿ ನಿಂತ ನಿಲುವಿನಲ್ಲೇ ಮತ್ತೆ ತುಂಬಬೇಕು. ಎಂಟರವನು ಹೊಡೆದು ಮುಗಿಸಿ, ಮುಂದಿನ ಜಾಗಕ್ಕೆ ಓಡುತ್ತಾ ತುಂಬುತ್ತಾನೆ. ಒಂದೂ ತಪ್ಪದಿದ್ದರೆ ಮಾತ್ರ, ಅಷ್ಟೇ. 2014ರಲ್ಲಿ ಅವರ ರಿವಾಲ್ವರ್ ವಿಭಾಗದಲ್ಲಿ ಎಂಟು ಗುಂಡಿಗೆ ಅವಕಾಶ ಸಿಕ್ಕಿತು. ಆದರೆ ಎಂಟು ಹೊಡೆದರೆ ಮೈನರ್ (ಕಡಿಮೆ ಬಲದ ತೋಟೆಯ ದರ್ಜೆ) ಅಂಕ. ಮೇಜರ್ (ಹೆಚ್ಚು ಬಲದ ದರ್ಜೆ) ಅಂಕ ಬೇಕಾದರೆ ಆರೇ. ಮೇಜರ್ ಆದರೆ ಮಧ್ಯದ ಎ ವಲಯ ತಪ್ಪಿ ಪಕ್ಕಕ್ಕೆ ಬಿದ್ದ ಸಿ ವಲಯದ ಹೊಡೆತಕ್ಕೆ 4 ಅಂಕ, ಮೈನರ್ ಆದರೆ 3. ಹಾಗಾಗಿ ಎಂಟರವನು ವೇಗದ ಜೊತೆಗೆ ಗುರಿಯನ್ನೂ ಬಿಗಿಯಾಗಿ ಇಟ್ಟುಕೊಳ್ಳಬೇಕು.

ಐಡಿಪಿಎ ಅನ್ನುವ ಇನ್ನೊಂದು ಸ್ಪರ್ಧಾ ಕೂಟದಲ್ಲಿ ಎಂಟರ ರಿವಾಲ್ವರ್ ತಂದರೂ ಆರೇ ತುಂಬಬೇಕು. ರಿವಾಲ್ವರ್‌ಗೆಂದೇ 1991ರಲ್ಲಿ ಹುಟ್ಟಿದ ಐಕೋರ್ ಕೂಟದಲ್ಲಿ ಎಂಟು ಗುಂಡಿನವರಿಗೆ ಜಾಗ ಇದೆ. ಯಾವ ಸ್ಪರ್ಧೆಗೆ ಹೋಗುತ್ತೀರೋ ಅದರ ಈ ವರ್ಷದ ನಿಯಮ ಪುಸ್ತಕ ಓದಿ, ಆಮೇಲೆ ಬಂದೂಕು ಆರಿಸಿ. ಬಹಳ ಜನ ಇದನ್ನು ತಿರುಗಾ ಮುರುಗಾ ಮಾಡುತ್ತಾರೆ.

ಈ ಬಂದೂಕು ಎಷ್ಟು ವೇಗ ತಾಳುತ್ತದೆ ಅಂತ ಕೇಳಿದರೆ, ಹೆಸರಾಂತ ರಿವಾಲ್ವರ್ ಶೂಟರ್ ಜೆರ್ರಿ ಮಿಕ್ಯುಲೆಕ್ 1999ರಲ್ಲಿ 627ರಿಂದ ಎಂಟು ಗುಂಡನ್ನು 1.00 ಸೆಕೆಂಡಿನಲ್ಲಿ ಹೊಡೆದರು. ನಮ್ಮ ಬೆರಳು ಸೋಲುತ್ತದೆಯೇ ಹೊರತು ಯಂತ್ರ ಸೋಲುವುದಿಲ್ಲ.

.357, .38 ಸ್ಪೆಷಲ್, .38 ಶಾರ್ಟ್ ಕೋಲ್ಟ್, 9 ಎಂಎಂ, ಯಾವುದು ಹಾಕಲಿ?

.357 ಚೇಂಬರ್‌ನಲ್ಲಿ ಮೊದಲ ಮೂರೂ ಕೂರುತ್ತವೆ, ಮೂರರ ಗುಂಡಿನ ಅಡ್ಡಳತೆ ಒಂದೇ ಆಸುಪಾಸು. ಬೇರೆ ಆಗುವುದು ಕೇಸಿನ (ಮದ್ದು ತುಂಬಿರುವ ಲೋಹದ ಕೊಳವೆ) ಉದ್ದ: ಮ್ಯಾಗ್ನಮ್ 1.29 ಇಂಚು, ಸ್ಪೆಷಲ್ 1.155, ಶಾರ್ಟ್ ಕೋಲ್ಟ್ 0.765. ಕಲಿಯುವಾಗ .38 ಸ್ಪೆಷಲ್ ಸಾಕು ಮತ್ತು ಬೇಕು. ಒಂದೂಕಾಲು ಕಿಲೋ ಹತ್ತಿರದ ಬಂದೂಕಿನಲ್ಲಿ ಅದರ ಒದೆತ ತೀರಾ ಕಡಿಮೆ, ಹಾಗಾಗಿ ಕಣ್ಣು ಸೈಟ್ ಮೇಲೆಯೇ ಉಳಿಯುತ್ತದೆ.

ಸ್ಪರ್ಧೆಯವರು ಶಾರ್ಟ್ ಕೋಲ್ಟ್ ಇಷ್ಟಪಡುವುದು ಉದ್ದಕ್ಕಾಗಿ. ಗಿಡ್ಡ ಕೇಸು ಎಜೆಕ್ಟರ್‌ನ (ಖಾಲಿ ಕೇಸು ಹೊರತಳ್ಳುವ ಭಾಗ) ಒಂದೇ ಹೊಡೆತಕ್ಕೆ ಪೂರ್ತಿ ಹೊರಬೀಳುತ್ತದೆ. ಒಳಗೆ ಹಾಕುವಾಗಲೂ ಮೂನ್ ಕ್ಲಿಪ್ ಜೊತೆ ಅಲ್ಲಾಡದೆ ಕೂರುತ್ತದೆ. ಆದರೆ ಒಂದು ಎಚ್ಚರಿಕೆ. .357 ಬಂದೂಕಿಗೆಂದು ಮನೆಯಲ್ಲಿ ತುಂಬಿದ ಶಾರ್ಟ್ ಕೋಲ್ಟ್ ತೋಟೆ ಹಳೆಯ .38 ರಿವಾಲ್ವರ್‌ನಲ್ಲೂ ಕೂರುತ್ತದೆ, ಆ ಹಳೆಯದು ಆ ಒತ್ತಡ ತಾಳುವುದಿಲ್ಲ. ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿಡಿ, ಬೇರೆಯವರಿಗೆ ಕೊಡಬೇಡಿ.

ಗಿಡ್ಡ ಕೇಸು ಹೊಡೆದಷ್ಟೂ ಚೇಂಬರ್ ಒಳಗೆ ಕೇಸಿನ ಬಾಯಿ ಮುಟ್ಟುವ ಜಾಗದಲ್ಲಿ ಮಸಿಯ ಬಳೆ ಕಟ್ಟುತ್ತದೆ. ಅದರ ಮೇಲೆ ಮ್ಯಾಗ್ನಮ್ ತುರುಕಿದರೆ ಕೇಸು ಬಿಗಿಯಾಗುತ್ತದೆ, ಒತ್ತಡವೂ ಏರಬಹುದು. ಕೇಸು ಬದಲಿಸುವ ಮೊದಲು ಚೇಂಬರ್ ಬ್ರಷ್ ಹೊಡೆಯಿರಿ.

9 ಎಂಎಂಗೆ ತಳದಲ್ಲಿ ಹೊರಚಾಚಿದ ಅಂಚು ಇಲ್ಲದ ಕೇಸು, ಹಾಗಾಗಿ ಮೂನ್ ಕ್ಲಿಪ್ ಇಲ್ಲದೆ ಕೇಸು ಹೊರಗೆ ಬರುವುದಿಲ್ಲ. ತೋಟೆ ಸುಲಭವಾಗಿ ಸಿಗುತ್ತದೆ, ಗಿಡ್ಡದು, ತುಂಬುವುದು ಚುರುಕು. 9 ಎಂಎಂ ಪಿಸ್ತೂಲ್ ಆಗಲೇ ಇರುವವರಿಗೆ 929 ತರಹದ್ದು ಒಳ್ಳೆಯ ಆಯ್ಕೆ ಅಂತ ನನ್ನ ಅಭಿಪ್ರಾಯ.

ಮೂನ್ ಕ್ಲಿಪ್ ಇದ್ದರೆ ಏನು ನೋಡಿಕೊಳ್ಳಬೇಕು?

ಇದು ಎಲ್ಲಕ್ಕಿಂತ ಜಾಸ್ತಿ ತಲೆನೋವು ಕೊಡುವ ಭಾಗ, ಆದರೂ ಜನ ಇದನ್ನು ಕಡೆಗಣಿಸುತ್ತಾರೆ. ಮೊದಲ ಮಹಾಯುದ್ಧದ ಕಾಲದಲ್ಲಿ .45 ಪಿಸ್ತೂಲ್ ತೋಟೆಯನ್ನು ರಿವಾಲ್ವರ್‌ನಲ್ಲಿ ಹೊಡೆಯಲು ಮೂರು ಮೂರು ಹಿಡಿಯುವ ಅರ್ಧಚಂದ್ರ ಕ್ಲಿಪ್ ಬಂತು, ಈಗಿನದು ಅದರ ಪೂರ್ಣ ರೂಪ. ತೆಳು ಉಕ್ಕಿನ ತಗಡು. ಸ್ವಲ್ಪ ಬಗ್ಗಿದರೂ ಸಿಲಿಂಡರ್ ತಿರುಗುವಾಗ ಕೇಸಿನ ಹಿಂಭಾಗ ಫ್ರೇಮ್‌ಗೆ ಉಜ್ಜುತ್ತದೆ, ಟ್ರಿಗರ್ ಒಮ್ಮೆ ಹಗುರ, ಒಮ್ಮೆ ಭಾರ. ಕೆಲವೊಮ್ಮೆ ಸಿಲಿಂಡರ್ ನಿಂತೇ ಬಿಡುತ್ತದೆ.

ಖಾಲಿ ಕ್ಲಿಪ್ಪನ್ನು ಗಾಜಿನ ಮೇಲಿಟ್ಟು ಒತ್ತಿ ನೋಡಿ, ಅಲ್ಲಾಡಿದರೆ ಎಸೆಯಿರಿ. ನೆಟ್ಟಗೆ ಮಾಡಲು ಹೋಗಬೇಡಿ, ಅದು ಮತ್ತೆ ಹಾಗೇ ಆಗುತ್ತದೆ. ತೋಟೆ ಹಾಕಲು, ಖಾಲಿ ಕೇಸು ತೆಗೆಯಲು ಅದಕ್ಕೆಂದೇ ಇರುವ ಸಾಧನ ಬಳಸಿ. ಬೆರಳಲ್ಲಿ ಕಿತ್ತರೆ ಕ್ಲಿಪ್ ಬಗ್ಗುವುದು ಖಚಿತ. ನೆಲಕ್ಕೆ ಬಿದ್ದ ಕ್ಲಿಪ್ ಯಾರಾದರೂ ತುಳಿದಿರಬಹುದು, ಪರೀಕ್ಷೆ ಮಾಡದೆ ಮತ್ತೆ ತುಂಬಬೇಡಿ.

ಇನ್ನೊಂದು, ಕೇಸಿನ ಬ್ರ್ಯಾಂಡ್. .38 ಮತ್ತು .357 ಕೇಸುಗಳ ಅಂಚಿನ ಮುಂದಿನ ತೋಡು ಒಂದೊಂದು ಕಂಪನಿಯದು ಒಂದೊಂದು ಅಳತೆ. ಒಂದರಲ್ಲಿ ಕ್ಲಿಪ್ ಕಚ್ಚಿ ಹಿಡಿಯುತ್ತದೆ, ಇನ್ನೊಂದರಲ್ಲಿ ತೋಟೆ ಜೋತು ಬೀಳುತ್ತದೆ, ಮತ್ತೊಂದರಲ್ಲಿ ಕೂರುವುದೇ ಇಲ್ಲ. ಹಾಗಾಗಿ ಒಂದು ಕ್ಲಿಪ್, ಒಂದು ಕೇಸು ಅಂತ ಜೋಡಿ ಕಟ್ಟಿ, ಅದನ್ನೇ ಇಟ್ಟುಕೊಳ್ಳಿ. ತುಂಬಿದ ಕ್ಲಿಪ್ ಮೇಲಿನಿಂದ ಬಿಟ್ಟರೆ ತನ್ನ ಭಾರಕ್ಕೇ ಸಿಲಿಂಡರ್ ಒಳಗೆ ಇಳಿಯಬೇಕು. ಸ್ಪರ್ಧೆಗೆ ಒಯ್ಯುವ ಪ್ರತಿಯೊಂದನ್ನೂ ಹಿಂದಿನ ದಿನ ಹೀಗೆ ನೋಡಿ.

ಟ್ರಿಗರ್ ಹಗುರ ಮಾಡಿಸಿದೆ, ಈಗ ಕೆಲವು ತೋಟೆ ಹಾರುತ್ತಿಲ್ಲ. ಯಾಕೆ?

ಇದನ್ನು ಕೇಳದ ವಾರವಿಲ್ಲ. ಕಾರ್ಖಾನೆಯಿಂದ ಬರುವ ಡಬಲ್ ಆ್ಯಕ್ಷನ್ ಎಳೆತ ಸಾಮಾನ್ಯವಾಗಿ 10ರಿಂದ 12 ಪೌಂಡ್ ಸುತ್ತ ಇರುತ್ತದೆ. ಸ್ಪರ್ಧೆಯವರು ಅದನ್ನು 6-7ಕ್ಕೆ ಇಳಿಸುತ್ತಾರೆ. ಆದರೆ ಎಳೆತ ಹಗುರ ಮಾಡುವುದು ಅಂದರೆ ಹ್ಯಾಮರ್ ಸ್ಪ್ರಿಂಗ್ ಬಲ ಕಡಿಮೆ ಮಾಡುವುದು, ಅಂದರೆ ಪ್ರೈಮರ್ (ಕೇಸಿನ ತಳದಲ್ಲಿ ಪೆಟ್ಟು ಬಿದ್ದಾಗ ಕಿಡಿ ಕೊಡುವ ಸಣ್ಣ ಬಟ್ಟಲು) ಮೇಲೆ ಬೀಳುವ ಪೆಟ್ಟೂ ಕಡಿಮೆ. ಫೆಡರಲ್ ಪ್ರೈಮರ್ ಮೃದು, ಅದಕ್ಕೆ ಹಗುರ ಪೆಟ್ಟು ಸಾಕು. ಸಿಸಿಐ ಗಟ್ಟಿ. ಹಾಗಾಗಿ ಆ ಬಂದೂಕು ಈಗ ಒಂದೇ ಬಗೆಯ ಪ್ರೈಮರ್‌ಗೆ ಮದುವೆಯಾದ ಹಾಗೆ. ಅಂಗಡಿಯಲ್ಲಿ ಸಿಕ್ಕ ತೋಟೆ ಎಲ್ಲ ಹಾರಬೇಕು ಅನ್ನುವವರು ಅಷ್ಟು ಕೆಳಗೆ ಇಳಿಸಲೇಬಾರದು.

ಹಾಗಂತ ಎಲ್ಲ ತಪ್ಪನ್ನೂ ಸ್ಪ್ರಿಂಗ್ ಮೇಲೆ ಹಾಕಬೇಡಿ. ಹಾರದ ತೋಟೆ ಎರಡನೇ ಪೆಟ್ಟಿಗೆ ಹಾರಿತೇ? ಹಾಗಿದ್ದರೆ ಪ್ರೈಮರ್ ಪೂರ್ತಿ ಒಳಗೆ ಕೂತಿರಲಿಲ್ಲ ಅನ್ನುವ ಅನುಮಾನ ಬರಬೇಕು, ಮೊದಲ ಪೆಟ್ಟು ಅದನ್ನು ಒಳಗೆ ತಳ್ಳುವುದರಲ್ಲೇ ಖರ್ಚಾಗಿರುತ್ತದೆ. ಮನೆಯಲ್ಲಿ ತುಂಬುವವರು ಪ್ರತಿ ಪ್ರೈಮರ್ ಮೇಲೆ ಬೆರಳು ಸವರಿ, ಕೇಸಿನ ತಳಕ್ಕಿಂತ ಒಂದು ಕೂದಲಷ್ಟಾದರೂ ಕೆಳಗಿರಬೇಕು. ಹಿಡಿಕೆಯ ಮುಂಭಾಗದಲ್ಲಿ ಸ್ಟ್ರೇನ್ ಸ್ಕ್ರೂ (ಹ್ಯಾಮರ್ ಸ್ಪ್ರಿಂಗನ್ನು ಒತ್ತಿ ಹಿಡಿಯುವ ಸ್ಕ್ರೂ) ಇರುವ ಸ್ಮಿತ್ ಅಂಡ್ ವೆಸನ್‌ಗಳಲ್ಲಿ ಅದು ತಾನಾಗೇ ಸಡಿಲಾಗುತ್ತದೆ, ನೋಡಿ. ಎಳೆತ ಹಗುರವಾಗಲಿ ಅಂತ ಆ ಸ್ಕ್ರೂವನ್ನೇ ಎರಡು ಸುತ್ತು ಬಿಚ್ಚುವ ಕೆಟ್ಟ ಅಭ್ಯಾಸ ಇದೆ. ಮಾಡಬೇಡಿ. ಅದು ಪೂರ್ತಿ ಬಿಗಿಯಾಗಿರಬೇಕು, ಹಗುರ ಬೇಕಾದರೆ ಸ್ಪ್ರಿಂಗ್ ಬದಲಿಸಬೇಕು.

ನನ್ನ ಮಾತು ಇಷ್ಟೇ: ಎಳೆತ ಎಷ್ಟು ಪೌಂಡ್ ಅನ್ನುವುದಕ್ಕಿಂತ ಅದು ಮೊದಲಿಂದ ಕೊನೆವರೆಗೆ ಒಂದೇ ಸಮ ಇದೆಯಾ ಅನ್ನುವುದು ಮುಖ್ಯ. ನುಣುಪಾದ 9 ಪೌಂಡ್, ತಡೆದು ತಡೆದು ಬರುವ 7ಕ್ಕಿಂತ ಎಷ್ಟೋ ವಾಸಿ.

ಹೊಸದು ಕೈಗೆ ಬಂತು. ಮೊದಲು ಏನು ನೋಡಲಿ?

ಬಂದೂಕು ಖಾಲಿ ಇದೆಯಾ ಅಂತ ಕಣ್ಣಿಂದಲೂ ಬೆರಳಿಂದಲೂ ನೋಡಿ. ತೋಟೆಯನ್ನು ಬೇರೆ ಕೋಣೆಯಲ್ಲಿಡಿ.

ಮೊದಲು ಟೈಮಿಂಗ್. ಸಿಲಿಂಡರ್ ಮೇಲೆ ಒಂದು ಬೆರಳು ಹಗುರವಾಗಿ ಒತ್ತಿ ಹಿಡಿದು, ಹ್ಯಾಮರನ್ನು ತುಂಬಾ ನಿಧಾನವಾಗಿ ಹಿಂದಕ್ಕೆಳೆಯಿರಿ. ಹ್ಯಾಮರ್ ಪೂರ್ತಿ ಹಿಂದಕ್ಕೆ ಹೋಗಿ ನಿಲ್ಲುವ ಮೊದಲೇ ಸಿಲಿಂಡರ್ ಟಕ್ ಅಂತ ಗುಳಿಗೆ ಬೀಳಬೇಕು. ಎಂಟಕ್ಕೂ ಮಾಡಿ, ಯಾವುದು ತಡವಾಯಿತು ಅಂತ ಗುರುತು ಹಾಕಿ. ಸ್ಪರ್ಧೆಯ ಎಷ್ಟೋ ರಿವಾಲ್ವರ್‌ಗೆ ಹ್ಯಾಮರ್ ಮೇಲೆ ಹೆಬ್ಬೆರಳಿನ ಕೊಂಬೇ ಇರುವುದಿಲ್ಲ, ಅಂಥದ್ದರಲ್ಲಿ ಟ್ರಿಗರನ್ನೇ ನಿಧಾನವಾಗಿ ಎಳೆದು ನೋಡಿ. ಎಂಟು ಚೇಂಬರ್ ಅಂದರೆ ಪ್ರತಿ ಸಲ 45 ಡಿಗ್ರಿ ತಿರುಗುವಿಕೆ, ಆರರಲ್ಲಿ 60. ಎಂಟು ಹಲ್ಲು, ಎಂಟು ಗುಳಿ, ಎಲ್ಲವೂ ಸರಿಯಿರಬೇಕು. ಏಳು ಸರಿಯಿದ್ದು ಒಂದು ತಡವಾದರೂ ಆ ಚೇಂಬರ್‌ನ ಗುಂಡು ಬ್ಯಾರೆಲ್ ಬಾಯಿಗೆ ಓರೆಯಾಗಿ ಹೊಕ್ಕು ಸೀಸ ಚಿಮ್ಮುತ್ತದೆ. ಹೊಸದರಲ್ಲೇ ಹೀಗಿದ್ದರೆ ಒಂದು ಗುಂಡೂ ಹೊಡೆಯದೆ ವಾರಂಟಿಗೆ ಕಳಿಸಿ.

ಆಮೇಲೆ ಸಿಲಿಂಡರ್ ಮತ್ತು ಬ್ಯಾರೆಲ್ ನಡುವಿನ ಸಂದು. ಫೀಲರ್ ಗೇಜ್ ಹಾಕಿ ಅಳೆಯಿರಿ, 0.004ರಿಂದ 0.010 ಇಂಚಿನೊಳಗೆ ಇದ್ದರೆ ಸರಿ. ತೀರಾ ಕಿರಿದಾದರೆ ಬಿಸಿಯಾದಾಗ, ಮಸಿ ಕಟ್ಟಿದಾಗ ಉಜ್ಜುತ್ತದೆ. ಸಿಲಿಂಡರ್ ಮುಂದಕ್ಕೂ ಹಿಂದಕ್ಕೂ ಆಡುತ್ತಿದೆಯಾ ಅನ್ನುವುದನ್ನೂ ನೋಡಿ. ಹಳೆಯದು ಕೊಳ್ಳುವವರು ಇದನ್ನೆಲ್ಲ ದುಡ್ಡು ಕೊಡುವ ಮೊದಲೇ ಮಾಡಬೇಕು. ಸೈಡ್ ಪ್ಲೇಟ್ (ಫ್ರೇಮ್‌ನ ಪಕ್ಕದ ಮುಚ್ಚಳ) ಸ್ಕ್ರೂಗಳ ತಲೆ ಕಿತ್ತುಹೋಗಿದ್ದರೆ ಯಾರೋ ಒಳಗೆ ಕೈ ಹಾಕಿದ್ದಾರೆ ಅಂತ ತಿಳಿಯಿರಿ.

ಬೇಗ ಹೊಡೆಯುವಾಗ ಸಿಲಿಂಡರ್ ಒಂದು ಮನೆ ಹಾರಿಹೋಗುತ್ತದೆ, ಬಂದೂಕು ಕೆಟ್ಟಿದೆಯಾ?

ಬಹುಶಃ ಇಲ್ಲ. ಟ್ರಿಗರನ್ನು ಪೂರ್ತಿ ಮುಂದಕ್ಕೆ ಬಿಡುವ ಮೊದಲೇ ಮತ್ತೆ ಎಳೆಯುತ್ತಿದ್ದೀರಿ. ಸಿಲಿಂಡರ್ ತಿರುಗುತ್ತದೆ, ಹ್ಯಾಮರ್ ಬೀಳುವುದಿಲ್ಲ, ಆ ತೋಟೆ ಇಡೀ ಸುತ್ತು ಬರುವವರೆಗೆ ಸಿಗುವುದಿಲ್ಲ. ಬೆರಳು ಮುಂದಕ್ಕೆ ಹೋಗುವುದನ್ನೂ ಎಳೆಯುವಷ್ಟೇ ಗಮನ ಕೊಟ್ಟು ಕಲಿಯಿರಿ. ಖಾಲಿ ಬಂದೂಕಿನಲ್ಲಿ ಗೋಡೆಯ ಒಂದು ಚುಕ್ಕಿ ನೋಡುತ್ತಾ ಇದನ್ನು ಮಾಡಬಹುದು. ಈ ಕಾಲದ ಸೆಂಟರ್‌ಫೈರ್ ರಿವಾಲ್ವರ್ ಅದನ್ನು ತಾಳುತ್ತದೆ, ಸ್ನ್ಯಾಪ್ ಕ್ಯಾಪ್ (ಅಭ್ಯಾಸಕ್ಕೆಂದಿರುವ ನಕಲಿ ತೋಟೆ) ಹಾಕಿದರೆ ಇನ್ನೂ ಒಳ್ಳೆಯದು. ಗೋಡೆಯ ಆಚೆ ಯಾರೂ ಇರದ ದಿಕ್ಕು ಆರಿಸಿ.

ಪಿಸ್ತೂಲ್ ಹಿಡಿದು ಅಭ್ಯಾಸ. ಹೆಬ್ಬೆರಳು ಮುಂದಕ್ಕೆ ಚಾಚಬಹುದಾ?

ಬೇಡ, ಬೇಡವೇ ಬೇಡ. ಸಿಲಿಂಡರ್ ಮತ್ತು ಬ್ಯಾರೆಲ್ ನಡುವಿನ ಸಂದಿನಿಂದ ಪಕ್ಕಕ್ಕೆ ಬಿಸಿ ಗಾಳಿ, ಸೀಸದ ಚೂರು ಚಿಮ್ಮುತ್ತವೆ. .357 ಮ್ಯಾಗ್ನಮ್ ಬೆರಳನ್ನೇ ಸೀಳಬಲ್ಲದು. ಎರಡು ಹೆಬ್ಬೆರಳೂ ಸಿಲಿಂಡರ್‌ಗಿಂತ ಹಿಂದೆ, ಒಂದರ ಮೇಲೊಂದು. ಪಕ್ಕದಲ್ಲಿ ನಿಂತವರೂ ಆ ಸಂದಿನ ನೇರಕ್ಕೆ ಬರಬಾರದು. ಕಣ್ಣಿಗೆ ಕನ್ನಡಕ ಎಲ್ಲರಿಗೂ. ಕಿವಿಗೆ ಒಳಗೊಂದು, ಮೇಲೊಂದು ರಕ್ಷಣೆ ಹಾಕಿ, ಯಾಕೆಂದರೆ ಮ್ಯಾಗ್ನಮ್ ಸದ್ದು 160 ಡೆಸಿಬೆಲ್ ಆಚೆ ಹೋಗುತ್ತದೆ, ಕಿವಿಗೆ ಹಾನಿ 140ರಲ್ಲೇ.

ಹ್ಯಾಮರ್ ಬಿತ್ತು, ಹಾರಲಿಲ್ಲ. ಇನ್ನೊಮ್ಮೆ ಎಳೆಯಲಾ?

ಅಭ್ಯಾಸದಲ್ಲಿದ್ದರೆ ಬೇಡ. ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷ ಕಾಯಿರಿ. ತಡವಾಗಿ ಹೊತ್ತಿಕೊಳ್ಳುವ ತೋಟೆ ಅಪರೂಪ, ಆದರೆ ರಿವಾಲ್ವರ್‌ನಲ್ಲಿ ಮತ್ತೆ ಎಳೆದರೆ ಅದು ಬ್ಯಾರೆಲ್ ಎದುರಿನಿಂದ ಪಕ್ಕಕ್ಕೆ ಸರಿದುಹೋಗಿರುತ್ತದೆ. ಅಲ್ಲಿ ಹಾರಿದರೆ ದಾರಿಯೇ ಇಲ್ಲ.

ಸದ್ದು ಸಣ್ಣದಾಗಿ ಪುಸ್ ಅಂದರೆ ಕೂಡಲೇ ನಿಲ್ಲಿಸಿ. ಗುಂಡು ಬ್ಯಾರೆಲ್ ಒಳಗೇ ಸಿಕ್ಕಿರಬಹುದು. ಬಂದೂಕು ಖಾಲಿ ಮಾಡಿ, ಬ್ಯಾರೆಲ್ ಮೂಲಕ ಬೆಳಕು ಕಾಣುತ್ತದಾ ನೋಡಿ. ಸ್ಪರ್ಧೆಯ ಬಿರುಸಿನಲ್ಲಿ ಮುಂದಿನದನ್ನು ಹೊಡೆದೇ ಬಿಟ್ಟು ಬ್ಯಾರೆಲ್ ಉಬ್ಬಿಸಿಕೊಂಡವರಿದ್ದಾರೆ.

ಹಗುರ ಫ್ರೇಮ್, ಟೈಟಾನಿಯಮ್ ಸಿಲಿಂಡರ್, ಬೇರೆ ಆರೈಕೆ ಬೇಕಾ?

ಬೇಕು. ಸ್ಕ್ಯಾಂಡಿಯಮ್ ಬೆರೆಸಿದ ಅಲ್ಯೂಮಿನಿಯಮ್ ಫ್ರೇಮ್‌ನಲ್ಲಿ ಸಂದಿನ ಮೇಲ್ಭಾಗಕ್ಕೆ ತೆಳು ಉಕ್ಕಿನ ಹಾಳೆ ಇರುತ್ತದೆ, ಬೆಂಕಿಯಿಂದ ಫ್ರೇಮ್ ಕಾಯಲು. ತೊಳೆಯುವಾಗ ಅದನ್ನು ಕೀಳಬೇಡಿ. ಟೈಟಾನಿಯಮ್ ಸಿಲಿಂಡರ್‌ನ ಮೇಲಿನ ಪದರ ಹೋದರೆ ಲೋಹ ಬೇಗ ಸವೆಯುತ್ತದೆ, ಹಾಗಾಗಿ ಮುಂಭಾಗದ ಕಪ್ಪು ಉಂಗುರ ತೆಗೆಯಲು ಉಜ್ಜುವ ಪುಡಿ, ಸ್ಟೀಲ್ ಉಣ್ಣೆ ಯಾವುದೂ ಬೇಡ. ಆ ಕಪ್ಪು ಇದ್ದರೆ ಏನೂ ಆಗುವುದಿಲ್ಲ. ಹಗುರ ಬಂದೂಕಿನಲ್ಲಿ ಒದೆತ ಜಾಸ್ತಿ, ಸರಿಯಾಗಿ ಬಿಗಿಯದ ತೋಟೆಯ ಗುಂಡು ಮುಂದಕ್ಕೆ ಜಾರಿ ಸಿಲಿಂಡರ್ ತಿರುಗದಂತೆ ಅಡ್ಡ ಬರುತ್ತದೆ.

ಎಷ್ಟು ಸಲ ತೊಳೆಯಬೇಕು?

ಇಡೀ ಬಂದೂಕು ಹೊಳೆಯಬೇಕಿಲ್ಲ. ಆದರೆ ಎಜೆಕ್ಟರ್ ನಕ್ಷತ್ರದ ಕೆಳಭಾಗ ಪ್ರತಿ ಸಲವೂ ಚೊಕ್ಕ ಇರಬೇಕು. ಅಲ್ಲಿ ಸುಡದ ಮದ್ದಿನ ಎರಡು ಕಾಳು ಸಿಕ್ಕಿದರೂ ಸಿಲಿಂಡರ್ ಮುಚ್ಚುವುದಿಲ್ಲ, ಮುಚ್ಚಿದರೂ ಬಿಗಿ. ಇದಕ್ಕಾಗಿಯೇ ಖಾಲಿ ಕೇಸು ಬೀಳಿಸುವಾಗ ಬ್ಯಾರೆಲ್ ತುದಿ ಮೇಲೆ ಮಾಡಿ ಎಜೆಕ್ಟರನ್ನು ಅಂಗೈಯಲ್ಲಿ ಒಂದೇ ಏಟಿಗೆ ಹೊಡೆಯಬೇಕು, ಮದ್ದು ಕೇಸಿನ ಜೊತೆ ಕೆಳಗೆ ಬೀಳುತ್ತದೆ. ಸ್ಪರ್ಧೆಗೆ ಹೋಗುವಾಗ ಜೇಬಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ ಇರಲಿ. ಸಿಲಿಂಡರನ್ನು ಮಣಿಕಟ್ಟಿನ ಝಾಡಿಕೆಯಿಂದ ಮುಚ್ಚಬೇಡಿ, ಅದನ್ನು ಹಿಡಿದಿರುವ ತೋಳು ಬಗ್ಗುತ್ತದೆ, ಟೈಮಿಂಗ್ ಜೊತೆಗೇ ಹೋಗುತ್ತದೆ. ಸೈಡ್ ಪ್ಲೇಟ್ ತೆಗೆಯಬೇಕಾದರೆ ಸರಿಯಾದ ಅಳತೆಯ ಸ್ಕ್ರೂಡ್ರೈವರ್ ಬಳಸಿ, ಸ್ಕ್ರೂ ಬಿಚ್ಚಿದ ಮೇಲೆ ಹಿಡಿಕೆಯ ಫ್ರೇಮನ್ನು ಮರದ ಹಿಡಿಯಿಂದ ಮೆಲ್ಲಗೆ ತಟ್ಟಿದರೆ ಅದೇ ಎದ್ದು ಬರುತ್ತದೆ. ಚೂಪಾದ್ದನ್ನು ಹಾಕಿ ಮೀಟಿದರೆ ಅಂಚು ಹಾಳು.

ತೊಳೆದ ಮೇಲೆ ಕೈಯನ್ನು ತಣ್ಣೀರು, ಸೋಪಿನಲ್ಲಿ ತೊಳೆಯಿರಿ. ಸೀಸ ಮೈಗೆ ಸೇರುವುದು ಉಸಿರಿನಿಂದ ಮಾತ್ರ ಅಲ್ಲ, ಊಟದ ಕೈಯಿಂದಲೂ. ರೇಂಜ್ ಬಟ್ಟೆಯನ್ನು ಮಕ್ಕಳ ಬಟ್ಟೆಯ ಜೊತೆ ಒಗೆಯಬೇಡಿ.

ಮನೆಯಲ್ಲಿ ಎಲ್ಲಿಡಲಿ?

ಬೀಗದ ಪೆಟ್ಟಿಗೆಯಲ್ಲಿ, ಖಾಲಿಯಾಗಿ, ತೋಟೆ ಬೇರೆ ಬೀಗದಲ್ಲಿ. ತುಂಬಿದ ಮೂನ್ ಕ್ಲಿಪ್ ಚೀಲದಲ್ಲೇ ಮರೆತು ಬರುವುದು ಸುಲಭ. ಎಂಟು ತೋಟೆ ಒಂದೇ ತುಂಡಾಗಿ ಇರುವುದರಿಂದ ಮಕ್ಕಳ ಕೈಗೆ ಅದು ಆಟಿಕೆಯ ಹಾಗೆ ಕಾಣುತ್ತದೆ, ಒಂದು ಕ್ಷಣದಲ್ಲಿ ಬಂದೂಕು ತುಂಬುತ್ತದೆ. ರೇಂಜ್‌ನಿಂದ ಬಂದ ಕೂಡಲೇ ಕ್ಲಿಪ್‌ಗಳನ್ನು ಎಣಿಸಿ, ತುಂಬಿದ್ದೂ ಖಾಲಿಯದ್ದೂ. ಎಣಿಕೆ ತಾಳೆಯಾಗುವವರೆಗೆ ಚೀಲವನ್ನು ಕೆಳಗಿಡಬೇಡಿ.